ಒಂದು ಘೋಷಣೆ, ಒಂದೇ ಮನೆಯಲ್ಲಿ ಮೂರು ಅರ್ಥ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹಾಸನದ ಕಡೆಯವಳು. ಅಮೆರಿಕದ ಮಿನಿಯಾಪೊಲಿಸ್ ಪಕ್ಕದ ಈಡನ್ ಪ್ರೇರಿಗೆ ಬಂದು ಹದಿನೆಂಟು ವರ್ಷವಾಯಿತು. ಹೋದ ವರ್ಷ ಪೌರತ್ವ ಸಿಕ್ಕಿತು, ಇನ್ನು ಮೇಲೆ ವೋಟು ಹಾಕಬೇಕು. ಆದರೆ ಮನೆಯಲ್ಲಿ ಒಂದು ಜಗಳ ಮುಗಿಯುತ್ತಲೇ ಇಲ್ಲ. 2022ರ ಚಳಿಗಾಲದಲ್ಲಿ ಮನೆ ಮುಂದೆ ನಿಲ್ಲಿಸಿದ್ದ ನಮ್ಮ ಪ್ರಿಯಸ್ ಕಾರಿನ ಅಡಿಯಿಂದ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೊಯ್ದುಕೊಂಡು ಹೋದರು. ಪೊಲೀಸರು ಬಂದು ಬರೆದುಕೊಂಡು ಹೋದರು, ಅಷ್ಟೆ. ‘ಡಿಫಂಡ್ ದಿ ಪೊಲೀಸ್ ಅಂತ ಬೀದಿಗಿಳಿದರಲ್ಲ, ಅದರ ಫಲ ಇದು’ ಅಂತಾರೆ ನಮ್ಮ ಯಜಮಾನರು. ‘ಅಪ್ಪಾ, ಯಾರ ದುಡ್ಡನ್ನೂ ಯಾರೂ ಕಿತ್ತುಕೊಂಡಿಲ್ಲ, ಅದೆಲ್ಲ ಸುಳ್ಳು’ ಅಂತಾಳೆ ಯೂನಿವರ್ಸಿಟಿಯಲ್ಲಿ ಓದುವ ಮಗಳು. ಚುನಾವಣೆ ಹತ್ತಿರ ಬಂದ ಹಾಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಳೇ ವಿಡಿಯೊಗಳು ಮತ್ತೆ ಓಡಾಡುತ್ತವೆ. ಒಂದರಲ್ಲಿ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದರೆ ‘ಇಲ್ಲಿ ಯಾರೂ ಇಲ್ಲ’ ಅಂತ ಮಷಿನ್ ಹೇಳುತ್ತದೆ. ನಿಜವಾಗಿ ದುಡ್ಡು ಕಡಿತ ಆಯಿತೇ? ಇಂಥ ಘೋಷಣೆಯಿಂದ ಜನರ ವೋಟು ಬದಲಾಗುತ್ತದೆಯೇ? ಯಾರೋ ಅಭ್ಯರ್ಥಿ ಐದಾರು ವರ್ಷದ ಹಿಂದೆ ಹೀಗೆ ಕೂಗಿದ್ದರು ಅಂದರೆ ನಾನು ಅದಕ್ಕೆ ಎಷ್ಟು ಬೆಲೆ ಕೊಡಬೇಕು? ಹೆದರಿಕೊಂಡು ವೋಟು ಹಾಕಲು ನನಗೆ ಇಷ್ಟವಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಯಾವ ಪಕ್ಷಕ್ಕೆ ಹಾಕಲಿ ಎಂದು ನೀವು ಕೇಳಿಲ್ಲ, ಹೆದರಿಕೊಂಡು ಹಾಕಬಾರದು ಎಂದಿದ್ದೀರಿ. ಹಾಗಾಗಿ ನಾನೂ ಪಕ್ಷದ ಮಾತು ಆಡುವುದಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಕೆಲಸ ಜನಾಭಿಪ್ರಾಯ ಸಮೀಕ್ಷೆ. ಪ್ರಶ್ನೆ ಬರೆಯುತ್ತೇನೆ, ಬಾಗಿಲು ತಟ್ಟಿ ಕೇಳುತ್ತೇನೆ, ಬಂದ ಉತ್ತರವನ್ನು ಜರಡಿ ಹಿಡಿಯುತ್ತೇನೆ. ಮಿನಿಯಾಪೊಲಿಸ್‌ನಲ್ಲಿ ಈ ಒಂದು ಘೋಷಣೆಯ ಬಗ್ಗೆ ಕೇಳಿದಷ್ಟು ಪ್ರಶ್ನೆಯನ್ನು ಇನ್ನಾವುದರ ಬಗ್ಗೆಯೂ ನಾನು ಕೇಳಿಲ್ಲ.

ಮೊದಲು ಒಂದು ಕೆಲಸ ಮಾಡಿ. ಊರಿನಲ್ಲಿರುವ ಹಿರಿಯರಿಗೆ ಫೋನ್ ಮಾಡಿದಾಗ ‘ಡಿಫಂಡ್ ದಿ ಪೊಲೀಸ್’ ಅನ್ನುವುದನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಪೊಲೀಸರಿಗೆ ದುಡ್ಡು ನಿಲ್ಲಿಸಿ’ ಅನ್ನುತ್ತೀರೋ, ‘ದುಡ್ಡು ಕಡಿಮೆ ಮಾಡಿ’ ಅನ್ನುತ್ತೀರೋ, ‘ಅದರಲ್ಲಿ ಒಂದಷ್ಟು ತೆಗೆದು ಬೇರೆ ಕಡೆ ಹಾಕಿ’ ಅನ್ನುತ್ತೀರೋ? ಕನ್ನಡದಲ್ಲಿ ಮೂರರಲ್ಲಿ ಒಂದನ್ನು ಆರಿಸದೆ ಬಾಯಿ ಬಿಡುವುದಕ್ಕೇ ಆಗುವುದಿಲ್ಲ. ಇಂಗ್ಲಿಷಿನ ಆ ಒಂದು ಪದ ಮೂರನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. 2020ರ ಮೆರವಣಿಗೆಗಳಲ್ಲಿ ಪೊಲೀಸ್ ಇಲಾಖೆಯೇ ಬೇಡ ಅನ್ನುವವರಿದ್ದರು, ಅರ್ಧ ಕಡಿಯಿರಿ ಅನ್ನುವವರಿದ್ದರು, ಮಾನಸಿಕ ಅಸ್ವಸ್ಥರನ್ನು ನೋಡಲು ಬಂದೂಕಿನವರ ಬದಲು ನರ್ಸ್ ಕಳಿಸಿ ಎಂದಷ್ಟೇ ಕೇಳುವವರೂ ಇದ್ದರು. ಎಲ್ಲರೂ ಒಂದೇ ಫಲಕ ಹಿಡಿದಿದ್ದರು. ನಿಮ್ಮ ಯಜಮಾನರ ಕಿವಿಗೆ ಬಿದ್ದದ್ದು ಮೊದಲನೆಯ ಅರ್ಥ, ಮಗಳ ಕಿವಿಗೆ ಬಿದ್ದದ್ದು ಮೂರನೆಯದು. ಇಬ್ಬರ ಕಿವಿಯಲ್ಲೂ ದೋಷವಿಲ್ಲ.

ಈಗ ದುಡ್ಡಿನ ವಿಷಯ. 2020ರ ಮೇ 25ರಂದು ಮಿನಿಯಾಪೊಲಿಸ್‌ನ 38ನೇ ಸ್ಟ್ರೀಟ್ ಮತ್ತು ಶಿಕಾಗೊ ಅವೆನ್ಯೂ ಸೇರುವಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್ ಮೊಣಕಾಲೂರಿ ಕೊಂದದ್ದನ್ನು ಜಗತ್ತೇ ನೋಡಿತು. ಜೂನ್ 6ರಂದು ಮೇಯರ್ ಜೇಕಬ್ ಫ್ರೈ ಅವರನ್ನು ಪ್ರತಿಭಟನಾಕಾರರು ನಡುಬೀದಿಯಲ್ಲಿ ನಿಲ್ಲಿಸಿ ಹೌದೋ ಅಲ್ಲವೋ ಹೇಳಿ ಎಂದರು. ಇಲಾಖೆಯನ್ನು ಪೂರ್ತಿ ತೆಗೆದುಹಾಕಲು ತಮ್ಮ ಒಪ್ಪಿಗೆಯಿಲ್ಲ ಎಂದಾಗ ಅವರನ್ನು ಧಿಕ್ಕರಿಸಿ ಕಳಿಸಿದರು. ಮರುದಿನ ಪೌಡರ್‌ಹಾರ್ನ್ ಪಾರ್ಕಿನಲ್ಲಿ ನಗರಸಭೆಯ 13 ಸದಸ್ಯರಲ್ಲಿ ಒಂಬತ್ತು ಮಂದಿ ವೇದಿಕೆ ಹತ್ತಿದರು. ವೇದಿಕೆಯ ಮುಂದೆ ಆಳೆತ್ತರದ ಅಕ್ಷರಗಳಲ್ಲಿ ‘ಡಿಫಂಡ್ ಪೊಲೀಸ್’ ಎಂದು ನಿಲ್ಲಿಸಿದ್ದರು. ಒಂಬತ್ತು ಅಂದರೆ ಮೇಯರ್ ತಡೆದರೂ ಮೀರಿ ಹೋಗಬಹುದಾದ ಬಹುಮತ. ಆ ಫೋಟೊ ದೇಶದ ಎಲ್ಲ ಟಿವಿಗಳಲ್ಲೂ ಬಂತು. ಈಡನ್ ಪ್ರೇರಿಯಲ್ಲಿ ಕೂತು ನೋಡಿದವರಿಗೆ ನಾಳೆಯಿಂದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರೇ ಇರುವುದಿಲ್ಲ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ನಗರದ ಮೂಲ ಕಾನೂನಾದ ಚಾರ್ಟರ್‌ನಲ್ಲಿ ಸಾವಿರ ಜನಕ್ಕೆ 1.7ರಂತೆ ಪೊಲೀಸ್ ಸಿಬ್ಬಂದಿ ಇರಲೇಬೇಕು ಎಂದಿತ್ತು. ಅದನ್ನು ಬದಲಿಸುವ ಅಧಿಕಾರ ಆ ಒಂಬತ್ತು ಮಂದಿಗೆ ಇರಲಿಲ್ಲ, ಮತದಾರರೇ ಬದಲಿಸಬೇಕಿತ್ತು. ಡಿಸೆಂಬರ್‌ನಲ್ಲಿ ಬಜೆಟ್ ಬಂದಾಗ ಸುಮಾರು 17.9 ಕೋಟಿ ಡಾಲರ್‌ನ ಪೊಲೀಸ್ ಬಜೆಟ್‌ನಿಂದ ಹೊರಗೆ ಹೋದದ್ದು ಸುಮಾರು 80 ಲಕ್ಷ ಡಾಲರ್. ನೂರಕ್ಕೆ ಐದೂ ಅಲ್ಲ. ಅದು ಹಿಂಸೆ ತಡೆಯುವ ಕಾರ್ಯಕ್ರಮಗಳಿಗೂ ಮಾನಸಿಕ ಆರೋಗ್ಯದ ತಂಡಗಳಿಗೂ ಹೋಯಿತು. ಆ ಮಟ್ಟಿಗೆ ಮಗಳ ಮಾತು ಹೆಚ್ಚುಕಡಿಮೆ ನಿಜ.

ಯಜಮಾನರ ಮಾತಿನಲ್ಲೂ ಒಂದು ನಿಜ ಇದೆ. ಮಿನಿಯಾಪೊಲಿಸ್‌ನಲ್ಲಿ ಪೊಲೀಸರು ಕಡಿಮೆಯಾದರು. ಸುಮಾರು 900 ಇದ್ದವರು ಕೆಲವೇ ವರ್ಷಗಳಲ್ಲಿ 600ಕ್ಕಿಂತ ಕೆಳಗೆ ಬಂದರು. ಸಂಬಳಕ್ಕೆ ದುಡ್ಡಿಲ್ಲದೆ ಹಾಗಾಗಲಿಲ್ಲ. ನೂರಾರು ಮಂದಿ ಕೆಲಸ ಬಿಟ್ಟರು, ಮಾನಸಿಕ ಆಘಾತದ ಕಾರಣ ಕೊಟ್ಟು ರಜೆ ಮೇಲೆ ಹೋದರು, ಹೊಸಬರು ಬರಲಿಲ್ಲ. ಪೆಟ್ಟಿಗೆಯಲ್ಲಿ ದುಡ್ಡಿತ್ತು, ಆಳು ಇರಲಿಲ್ಲ. ಘೋಷಣೆಯ ಕೂಗು ಅವರು ಬಿಟ್ಟುಹೋಗಲು ಒಂದು ಕಾರಣ ಎನ್ನುವವರಿದ್ದಾರೆ, ಆ ಗಲಭೆಯಲ್ಲಿ ಸುಟ್ಟುಹೋದ ಠಾಣೆಯೂ ಇಲಾಖೆಯ ಹಳೆಯ ರೋಗಗಳೂ ಕಾರಣ ಎನ್ನುವವರಿದ್ದಾರೆ. ನನ್ನ ಅಂದಾಜಿನಲ್ಲಿ ಇವೆಲ್ಲ ಸೇರಿಯೇ ಆದದ್ದು. ಆದರೆ ‘ಬಜೆಟ್ ಕಡಿದರು, ಅದಕ್ಕೇ ಪೊಲೀಸರಿಲ್ಲ’ ಅನ್ನುವ ಸರಪಳಿ ಮಾತ್ರ ನಿಲ್ಲುವುದಿಲ್ಲ. 2020ರಲ್ಲಿ ದೇಶದಲ್ಲಿ ಕೊಲೆಗಳು ಸುಮಾರು ಶೇ 30ರಷ್ಟು ಏರಿದವು. ದಾಖಲೆ ಇಟ್ಟಾಗಿನಿಂದ ಒಂದೇ ವರ್ಷದಲ್ಲಿ ಅಷ್ಟು ಏರಿದ್ದೇ ಇಲ್ಲ. ಆ ಏರಿಕೆ ಪೊಲೀಸ್ ಬಜೆಟ್ ಹೆಚ್ಚಿಸಿದ ಊರುಗಳಲ್ಲೂ ಆಯಿತು, ಘೋಷಣೆಯ ಸದ್ದೇ ಕೇಳದ ಹಳ್ಳಿಗಾಡಿನಲ್ಲೂ ಆಯಿತು.

ಇನ್ನು ನಿಮ್ಮ ಕಾರು. ಕನ್ವರ್ಟರ್ ಒಳಗೆ ಪೆಲ್ಲೇಡಿಯಂ, ರೋಡಿಯಂ ಇರುತ್ತವೆ. ಆ ವರ್ಷಗಳಲ್ಲಿ ಅವುಗಳ ಬೆಲೆ ಆಕಾಶಕ್ಕೇರಿತ್ತು. ಪ್ರಿಯಸ್‌ನಂಥ ಹೈಬ್ರಿಡ್ ಕಾರುಗಳ ಕನ್ವರ್ಟರ್‌ಗೆ ಹೆಚ್ಚು ಬೆಲೆ, ಕಳ್ಳರಿಗೆ ಅದು ಗೊತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಮನೆಗೆ ಬಂದದ್ದು ಈಡನ್ ಪ್ರೇರಿಯ ಪೊಲೀಸರು. ಅವರ ಬಜೆಟ್ ಬರೆಯುವುದು ಈಡನ್ ಪ್ರೇರಿಯ ನಗರಸಭೆ. ಮಿನಿಯಾಪೊಲಿಸ್‌ನ ಆ ಒಂಬತ್ತು ಮಂದಿ ಅದರ ಒಂದು ಡಾಲರನ್ನೂ ಮುಟ್ಟಲಾರರು.

ನಮ್ಮಂಥವರು ಎಡವುವುದು ಇಲ್ಲೇ, ಅದಕ್ಕೆ ಕಾರಣವೂ ಇದೆ. ನಾವು ಬೆಳೆದ ಕಡೆ ಪೊಲೀಸ್ ಅಂದರೆ ರಾಜ್ಯ ಸರ್ಕಾರ. ಸಂವಿಧಾನದಲ್ಲೇ ಅದು ರಾಜ್ಯದ ವಿಷಯ. ಬೆಂಗಳೂರಿನ ಪೊಲೀಸ್ ಕಮಿಷನರ್ ಉತ್ತರ ಕೊಡುವುದು ಗೃಹ ಇಲಾಖೆಗೆ. ನಮ್ಮ ಕಡೆ ನಗರಸಭೆ ಸದಸ್ಯರನ್ನು ಠಾಣೆಯ ಬಜೆಟ್ ಬಗ್ಗೆ ಯಾರೂ ಕೇಳುವುದಿಲ್ಲ, ಅವರು ಬೀದಿದೀಪ, ಚರಂಡಿ, ನೀರು ನೋಡಿಕೊಂಡರೆ ಸಾಕು. ಅಮೆರಿಕದಲ್ಲಿ ಇದು ತಲೆಕೆಳಗು. ಇಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಹೆಚ್ಚಿನವು ನಗರದವು ಅಥವಾ ಕೌಂಟಿಯವು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು), ನಡೆಯುವುದು ಬಹುಪಾಲು ಸ್ಥಳೀಯ ತೆರಿಗೆಯಿಂದ. ಅಧ್ಯಕ್ಷರು ‘ಡಿಫಂಡ್’ ಮಾಡುತ್ತೇನೆ ಎಂದರೂ ಆಗುವುದಿಲ್ಲ, ‘ಮಾಡುವುದಿಲ್ಲ’ ಎಂದರೂ ಅದರಿಂದ ನಿಮ್ಮ ಊರಿಗೆ ಒಬ್ಬ ಕಾನ್‌ಸ್ಟೆಬಲ್ ಹೆಚ್ಚು ಸಿಗುವುದಿಲ್ಲ.

ಹಾಗಿದ್ದರೂ 2020ರಲ್ಲಿ ಈ ಘೋಷಣೆ ಅಧ್ಯಕ್ಷ ಚುನಾವಣೆಯ ನಡುಮನೆಗೇ ಬಂತು. ನಿಮ್ಮ ಗುಂಪಿನಲ್ಲಿ ಓಡಾಡುವ ವಿಡಿಯೊ ಆ ಜುಲೈನ ಟ್ರಂಪ್ ಪ್ರಚಾರದ ಜಾಹೀರಾತು. ಪೊಲೀಸ್ ಇಲಾಖೆಗೆ ದುಡ್ಡು ನಿಂತಿದೆ, ಫೋನ್ ತೆಗೆದುಕೊಳ್ಳಲು ಯಾರೂ ಇಲ್ಲ, ಅತ್ಯಾಚಾರವಾದರೆ ಒಂದು ಒತ್ತಿ ಎಂದು ಮಷಿನ್ ಹೇಳುತ್ತದೆ. ಎದುರಾಳಿ ಬೈಡನ್ ಅವರ ಅಮೆರಿಕದಲ್ಲಿ ನೀವು ಸುರಕ್ಷಿತರಲ್ಲ ಎನ್ನುವುದು ಅದರ ಸಾರ. ಬೈಡನ್ ಅವರೋ ಜೂನ್ 8ರಂದೇ ಟಿವಿಯಲ್ಲಿ ಪೊಲೀಸರನ್ನು ಡಿಫಂಡ್ ಮಾಡುವುದು ತಮಗೆ ಒಪ್ಪಿಗೆಯಿಲ್ಲ ಎಂದಿದ್ದರು. 2022ರ ಮಾರ್ಚ್‌ನಲ್ಲಿ ಸಂಸತ್ತಿನ ಮುಂದೆ ನಿಂತು ಪೊಲೀಸರಿಗೆ ದುಡ್ಡು ಕೊಡುವುದೇ ಪರಿಹಾರ ಎಂದರು. ಆದರೂ ಆ ಪದ ಅವರಿಗೆ ಅಂಟಿದ್ದು ಬಿಡಲಿಲ್ಲ.

ಒಂದು ಕಡೆಯವರನ್ನೇ ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. 2021ರಲ್ಲಿ ಕೋವಿಡ್ ಪರಿಹಾರದ ಕಾಯ್ದೆಯಲ್ಲಿ ರಾಜ್ಯಗಳಿಗೂ ನಗರಗಳಿಗೂ 35,000 ಕೋಟಿ ಡಾಲರ್ ಇತ್ತು, ಅದನ್ನು ಪೊಲೀಸರಿಗೂ ಬಳಸಬಹುದಿತ್ತು. ರಿಪಬ್ಲಿಕನ್ನರು ಯಾರೂ ಆ ಕಾಯ್ದೆಗೆ ಮತ ಹಾಕಲಿಲ್ಲ. ಅಷ್ಟನ್ನೇ ಹಿಡಿದುಕೊಂಡು ಬೈಡನ್ ಅವರ ಶ್ವೇತಭವನ ‘ಪೊಲೀಸರನ್ನು ಡಿಫಂಡ್ ಮಾಡಹೊರಟವರು ಅವರೇ’ ಎಂದಿತು. ಅದೂ ಎಳೆದು ತಂದ ಮಾತು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಟ್ರಂಪ್ ಅವರ ಮಾರ್‌-ಎ-ಲಾಗೊ ಮನೆಯನ್ನು ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐ ಶೋಧಿಸಿದಾಗ ಕೆಲವು ರಿಪಬ್ಲಿಕನ್ ನಾಯಕರು ‘ಡಿಫಂಡ್ ದಿ ಎಫ್‌ಬಿಐ’ ಎಂದು ಕೂಗಿದರು. ಎರಡೇ ವರ್ಷದಲ್ಲಿ ಆ ಪದ ಯಾರು ಯಾರ ಮೇಲೆ ಬೇಕಾದರೂ ಎಸೆಯಬಹುದಾದ ಕಲ್ಲಾಗಿತ್ತು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ವೋಟು ಬದಲಾಗುತ್ತದೆಯೇ ಎನ್ನುವುದು. ಇದರ ಸುತ್ತ ಎರಡು ಕಟ್ಟುಕತೆಗಳಿವೆ, ಎರಡನ್ನೂ ಬಿಡಿಸಿ ನೋಡಬೇಕು.

‘ವಿಚಾರ ಜನಪ್ರಿಯ, ಹೆಸರು ಮಾತ್ರ ಕೆಟ್ಟದ್ದು’ ಎನ್ನುವುದು ಒಂದು. 2020ರ ಜೂನ್‌ನಲ್ಲಿ ಎಬಿಸಿ ನ್ಯೂಸ್ ಮತ್ತು ಇಪ್ಸೋಸ್ ನಡೆಸಿದ ಸಮೀಕ್ಷೆಯಲ್ಲಿ ‘ಡಿಫಂಡ್’ ಚಳವಳಿಗೆ ಒಪ್ಪಿಗೆ ಕೊಟ್ಟವರು ಶೇ 34, ವಿರೋಧಿಸಿದವರು ಶೇ 64. ಘೋಷಣೆಯ ಹೆಸರೆತ್ತದೆ, ಪೊಲೀಸರ ದುಡ್ಡು ಕಡಿಮೆ ಮಾಡಿ ಮಾನಸಿಕ ಆರೋಗ್ಯ, ವಸತಿ, ಶಿಕ್ಷಣಕ್ಕೆ ಹಾಕಬಹುದೇ ಎಂದು ಕೇಳಿದಾಗ ಒಪ್ಪಿದವರು ಶೇ 39, ಒಪ್ಪದವರು ಶೇ 60. ಲೆಕ್ಕ ನೋಡಿ: ಹೆಸರಿನಿಂದ ಆದ ನಷ್ಟ ಐದರಷ್ಟು. ಉಳಿದದ್ದು ವಿಚಾರಕ್ಕೇ ಇದ್ದ ವಿರೋಧ. ಬೇರೆ ಸಮೀಕ್ಷೆಗಳಲ್ಲಿ ಅದೇ ಸಾಲಿಗೆ ‘ಪೊಲೀಸರಿಗೆ ಒಳ್ಳೆಯ ತರಬೇತಿ’ ಎಂದು ಸೇರಿಸಿದಾಗ ಒಪ್ಪಿಗೆ ಬಹಳ ಮೇಲೇರಿತು. ಇದು ನಮ್ಮ ಕಸುಬಿನಲ್ಲಿ ಹಳೆಯ ಪಾಠ. ‘ವೆಲ್ಫೇರ್‌ಗೆ ಸರ್ಕಾರ ಕೊಡುತ್ತಿರುವುದು ತೀರಾ ಕಡಿಮೆಯೇ?’ ಎಂದು ಕೇಳಿದರೆ ಅಮೆರಿಕನ್ನರು ಹೌದೆನ್ನುವುದು ಕಡಿಮೆ, ‘ಬಡವರ ನೆರವಿಗೆ?’ ಎಂದರೆ ಬಹುಪಾಲು ಹೌದೆನ್ನುತ್ತಾರೆ. ದುಡ್ಡು ಹೋಗುವುದು ಒಂದೇ ಕಡೆಗೆ. ಪದ ಬದಲಾದರೆ ಅದನ್ನು ಕೇಳಿದವರ ಕಣ್ಣ ಮುಂದೆ ಬರುವ ಮನುಷ್ಯ ಬದಲಾಗುತ್ತಾನೆ.

‘ಕರಿಯರೆಲ್ಲ ಪೊಲೀಸ್ ಬೇಡ ಅಂತಾರೆ’ ಎನ್ನುವುದು ಎರಡನೆಯದು. ಅದೇ ಬೇಸಿಗೆಯಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ, ತಮ್ಮ ಬಡಾವಣೆಯಲ್ಲಿ ಪೊಲೀಸರು ಈಗಿನಷ್ಟೇ ಅಥವಾ ಇನ್ನೂ ಹೆಚ್ಚು ಹೊತ್ತು ಇರಲಿ ಎಂದ ಕಪ್ಪುಜನರು ಶೇ 81. ಪೊಲೀಸ್ ವ್ಯವಸ್ಥೆಯಲ್ಲಿ ದೊಡ್ಡ ಬದಲಾವಣೆ ಆಗಲೇಬೇಕು ಎಂದ ಕಪ್ಪುಜನರು ಶೇ 88. ಎರಡೂ ಒಟ್ಟಿಗೆ ಹೇಗೆ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಾರೆ.

2021ರ ಅಕ್ಟೋಬರ್‌ನಲ್ಲಿ ಉತ್ತರ ಮಿನಿಯಾಪೊಲಿಸ್‌ನ ಲೋರಿ ಅವೆನ್ಯೂ ಹತ್ತಿರ ಒಂದು ಮನೆಯ ಬಾಗಿಲು ತಟ್ಟಿದ್ದೆ. ಅರವತ್ತು ದಾಟಿದ ಕಪ್ಪು ಹೆಂಗಸು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್, ಸಮವಸ್ತ್ರ ಇನ್ನೂ ಮೈಮೇಲಿತ್ತು. ಕಿಟಕಿ ಚೌಕಟ್ಟಿನ ಪಕ್ಕ ಗೋಡೆಯಲ್ಲಿ ಬೆರಳು ಹೋಗುವಷ್ಟು ಒಂದು ತೂತು, ಅದಕ್ಕೆ ಬಿಳಿ ಪುಟ್ಟಿ ಮೆತ್ತಿದ್ದರು, ಬಣ್ಣ ಹೊಡೆದಿರಲಿಲ್ಲ. ಪೊಲೀಸರ ದುಡ್ಡು ಕಡಿಮೆ ಮಾಡಬೇಕೇ ಎಂದೆ. ಆ ತೂತಿನ ಕಡೆ ಕೈ ತೋರಿಸಿ ‘ಬೇಡ’ ಎಂದರು. ಮನಸ್ಸು ಕೆಟ್ಟವರು ಗಲಾಟೆ ಮಾಡುವಾಗ ಯಾರು ಬರಬೇಕು ಎಂದೆ. ‘ನರ್ಸ್ ಬರಲಿ. ನನ್ನ ವಾರ್ಡಿನಲ್ಲಿ ದಿನಾ ಅದೇ ಕೆಲಸ, ಯಾರ ಸೊಂಟದಲ್ಲೂ ಪಿಸ್ತೂಲು ಇರಲ್ಲ.’ ಪೊಲೀಸರ ಮೇಲೆ ನಂಬಿಕೆ ಇದೆಯೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊಮ್ಮಗ ಹೊರಗೆ ಹೋಗುವಾಗ ತಲೆ ಮೇಲೆ ಹುಡ್ ಎಳ್ಕೋಬೇಡ ಅಂತ ಹೇಳಿ ಕಳಿಸ್ತೀನಿ’ ಎಂದರು. ನಾನು ಟ್ಯಾಬ್ಲೆಟ್‌ನಲ್ಲಿ ಒತ್ತುತ್ತಾ ಹೋದೆ. ಹೊರಡುವಾಗ ‘ಮೂರನ್ನೂ ಒಂದೇ ಕಡೆ ಬರ್ಕೊಂಡ್ಯೇನಮ್ಮಾ?’ ಎಂದು ಕೇಳಿದರು. ಬರೆದುಕೊಂಡಿರಲಿಲ್ಲ. ಮೂರು ಪ್ರಶ್ನೆಗೆ ಮೂರು ಪರದೆ, ಆಮೇಲೆ ಮೂರು ಕೋಷ್ಟಕ. ಮೊದಲನೆಯ ಕೋಷ್ಟಕ ಒಂದು ಪಕ್ಷ ಬಳಸಿಕೊಂಡಿತು, ಮೂರನೆಯದನ್ನು ಇನ್ನೊಂದು ಪಕ್ಷ. ಆ ಹೆಂಗಸಿಗೆ ಮೂರೂ ಸೇರಿ ಒಂದೇ ಉತ್ತರವಾಗಿತ್ತು. ಅಂದಿನಿಂದ ನಾನು ಈ ವಿಷಯದಲ್ಲಿ ಒಂದೇ ಪ್ರಶ್ನೆಯ ಸಮೀಕ್ಷೆ ಮಾಡಿಕೊಟ್ಟಿಲ್ಲ.

ಆ ನವೆಂಬರ್ 2ರಂದು ಮಿನಿಯಾಪೊಲಿಸ್ ಮತದಾರರ ಮುಂದೆ ನಿಜವಾದ ಪ್ರಸ್ತಾವ ಬಂತು. ಪೊಲೀಸ್ ಇಲಾಖೆ ತೆಗೆದು ಸಾರ್ವಜನಿಕ ಸುರಕ್ಷತಾ ಇಲಾಖೆ ಮಾಡೋಣ, ಕನಿಷ್ಠ ಸಂಖ್ಯೆಯ ನಿಯಮ ಹೋಗಲಿ ಎನ್ನುವುದು ಅದು. ಸುಮಾರು ಶೇ 56 ಬೇಡ ಎಂದರು, ಶೇ 44 ಬೇಕು ಎಂದರು. ಉತ್ತರ ಮಿನಿಯಾಪೊಲಿಸ್‌ನ ನಾಲ್ಕು ಮತ್ತು ಐದನೇ ವಾರ್ಡುಗಳು, ಅಂದರೆ ಗುಂಡಿನ ಸದ್ದು ಹೆಚ್ಚು ಕೇಳುವ ಕಪ್ಪುಜನರ ಬಡಾವಣೆಗಳು, ಬೇಡ ಎಂದ ಕಡೆ ಇದ್ದವು. ಮತಪತ್ರದ ಒಕ್ಕಣೆ ಓದಿದ್ದೀರಾ? ಹೊಸ ಇಲಾಖೆಯಲ್ಲಿ ‘ಅಗತ್ಯವಿದ್ದರೆ’ ಪೊಲೀಸ್ ಅಧಿಕಾರಿಗಳೂ ಇರಬಹುದು ಎಂದಿತ್ತು. ನನ್ನನ್ನು ಕೇಳಿದರೆ ಪಾರ್ಕಿನ ಆ ದೊಡ್ಡ ಅಕ್ಷರಗಳಿಗಿಂತ ಹೆಚ್ಚು ಹಾನಿ ಮಾಡಿದ್ದು ಈ ಒಂದು ಪದ. ಯಾರಿಗೆ ಅಗತ್ಯ? ಯಾರು ತೀರ್ಮಾನಿಸುವವರು? ರಾತ್ರಿ ಎರಡು ಗಂಟೆಗೆ ನಾನು 911 ಒತ್ತಿದಾಗ ಬರುವವರು ಯಾರು? ಬಾಗಿಲ ಬಳಿ ಈ ಮೂರನ್ನು ನಾನು ಕೇಳಿಸಿಕೊಂಡಷ್ಟು ಸಲ ‘ಡಿಫಂಡ್’ ಪದ ಕೇಳಿಸಿಕೊಂಡಿಲ್ಲ.

ಅದೇ ದಿನ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಇದಕ್ಕೆ ತೀರಾ ವಿರುದ್ಧವಾದ ಪ್ರಸ್ತಾವ ಇತ್ತು. ಸಾವಿರ ಜನಕ್ಕೆ ಇಬ್ಬರಂತೆ ಪೊಲೀಸರನ್ನು ನೇಮಿಸಲೇಬೇಕು ಎಂದು ಕಡ್ಡಾಯ ಮಾಡುವುದು. ಅಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ಅದನ್ನು ತಳ್ಳಿಹಾಕಿದರು. ಅಷ್ಟು ಜನರ ಸಂಬಳಕ್ಕೆ ಪಾರ್ಕು, ಗ್ರಂಥಾಲಯ, ಅಗ್ನಿಶಾಮಕ ದಳದ ದುಡ್ಡು ಹೋಗುತ್ತದೆ ಎನ್ನುವುದು ವಿರೋಧಿಗಳ ವಾದವಾಗಿತ್ತು. ಒಂದೇ ದಿನ ಒಂದು ಊರು ಪೊಲೀಸ್ ಇಲಾಖೆಯನ್ನು ತೆಗೆಯಲು ಒಪ್ಪಲಿಲ್ಲ, ಇನ್ನೊಂದು ಊರು ಪೊಲೀಸರನ್ನು ಕಡ್ಡಾಯವಾಗಿ ತುಂಬಿಕೊಳ್ಳಲು ಒಪ್ಪಲಿಲ್ಲ. ‘ಆಮೇಲೆ ಏನು?’ ಎನ್ನುವುದಕ್ಕೆ ಸಮಾಧಾನದ ಉತ್ತರ ಸಿಗದಿದ್ದಾಗ ಮತದಾರರು ಇರುವುದನ್ನೇ ಉಳಿಸಿಕೊಳ್ಳುತ್ತಾರೆ. ಎರಡು ಊರಿನಲ್ಲೂ ನಾನು ಕಂಡದ್ದು ಅದನ್ನೇ.

ಘೋಷಣೆಯ ಕೆಲಸ ಇಲ್ಲೇ ಇರುವುದು. ಅದು ಒಂದು ಖಾಲಿ ಜಾಗ ಬಿಡುತ್ತದೆ, ಕೇಳಿದವರು ತಮ್ಮ ಆಸೆಯನ್ನೋ ಭಯವನ್ನೋ ಅಲ್ಲಿ ತುಂಬಿಕೊಳ್ಳುತ್ತಾರೆ. ಘೋಷಣೆ ಕೂಗಿದವರು ಆ ಜಾಗ ತುಂಬದಿದ್ದರೆ ಎದುರಾಳಿ ಬಂದು ತುಂಬುತ್ತಾನೆ. ಆ ಫೋನ್ ಮಷಿನ್ ಜಾಹೀರಾತು ಮಾಡಿದ್ದು ಇದನ್ನೇ. 1968ರಲ್ಲಿ ಅಧ್ಯಕ್ಷ ಅಭ್ಯರ್ಥಿ ನಿಕ್ಸನ್ ‘ಲಾ ಅಂಡ್ ಆರ್ಡರ್’ (ಕಾನೂನು ಸುವ್ಯವಸ್ಥೆ) ಎಂದಾಗಲೂ ಯಾವ ಕಾನೂನು, ಯಾರ ಮೇಲೆ, ಎಷ್ಟು ದುಡ್ಡಿನಲ್ಲಿ ಎಂದು ಹೆಚ್ಚು ಜನ ಕೇಳಲಿಲ್ಲ. ಅದೂ ಖಾಲಿ ಜಾಗವೇ, ತುಂಬಿಕೊಂಡದ್ದು ಬೇರೆ ಭಯ.

ಆದರೆ ಖಾಲಿ ಜಾಗ ತುಂಬಿದ ಮಾತ್ರಕ್ಕೆ ವೋಟು ಈ ಪಕ್ಷದಿಂದ ಆ ಪಕ್ಷಕ್ಕೆ ಹಾರುವುದಿಲ್ಲ. ಸಾರ್ವತ್ರಿಕ ಚುನಾವಣೆಗಳಲ್ಲಿ ಪ್ರಚಾರವೂ ಜಾಹೀರಾತೂ ಜನರ ಆಯ್ಕೆಯನ್ನು ಎಷ್ಟು ಬದಲಿಸುತ್ತವೆ ಎಂದು ರಾಜ್ಯಶಾಸ್ತ್ರದ ಸಂಶೋಧಕರಾದ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. 2018ರಲ್ಲಿ ಅವರು ಪ್ರಕಟಿಸಿದ ಅಂದಾಜು ಸರಾಸರಿ ಸೊನ್ನೆ. ನಿಮ್ಮ ಯಜಮಾನರನ್ನು ಆ ವಿಡಿಯೊ ಬದಲಿಸಿಲ್ಲ, ಅವರು ಮೊದಲೇ ಅಂದುಕೊಂಡದ್ದಕ್ಕೆ ಒಂದು ಚಿತ್ರ ಕೊಟ್ಟಿದೆ. ಮಗಳ ವಿಷಯದಲ್ಲೂ ಹಾಗೆಯೇ. ಘೋಷಣೆ ‘ಇವರು ನಮ್ಮವರು, ಅವರು ಆಚೆಯವರು’ ಎಂದು ಗೆರೆ ಎಳೆಯುತ್ತದೆ, ಗೆರೆಯ ಈಚೆ ಇರುವವರು ಈಚೆಯೇ ಉಳಿಯುತ್ತಾರೆ.

ಹಾಗಾದರೆ ಪರಿಣಾಮವೇ ಇಲ್ಲವೇ? ಕೂದಲೆಳೆಯ ಅಂತರದ ಕಡೆ ಇದೆ. ನಮ್ಮ ಮಿನೆಸೋಟ ರಾಜ್ಯದಲ್ಲೇ ನೋಡಿ. ಮಿನಿಯಾಪೊಲಿಸ್‌ನ ಆ ಪ್ರಸ್ತಾವವನ್ನು ಗವರ್ನರ್ ಟಿಮ್ ವಾಲ್ಜ್ ವಿರೋಧಿಸಿದ್ದರು, ಅಟಾರ್ನಿ ಜನರಲ್ ಕೀತ್ ಎಲಿಸನ್ ಬೆಂಬಲಿಸಿದ್ದರು. ಇಬ್ಬರೂ ಒಂದೇ ಪಕ್ಷ, 2022ರ ನವೆಂಬರ್‌ನಲ್ಲಿ ಒಂದೇ ಮತಪತ್ರದಲ್ಲಿ ಇಬ್ಬರ ಹೆಸರೂ ಇತ್ತು. ಸುಮಾರು 25 ಲಕ್ಷ ಮತಗಳಲ್ಲಿ ವಾಲ್ಜ್ ಗೆದ್ದದ್ದು 1.9 ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ, ಎಲಿಸನ್ ಸುಮಾರು 21,000ದಲ್ಲಿ. ಎಲಿಸನ್ ಮೇಲೆ ಸುರಿದ ಟೀಕೆಯಲ್ಲಿ ಮುಖ್ಯವಾದದ್ದು ಅವರ ಆ ಬೆಂಬಲವೇ. ಅದೇ ವರ್ಷದ ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ನ ಸಂಸದೆ ಇಲ್ಹಾನ್ ಒಮರ್, ಪ್ರಸ್ತಾವವನ್ನು ಬೆಂಬಲಿಸಿದ್ದವರು, ಅದನ್ನು ವಿರೋಧಿಸಿದ್ದ ಡಾನ್ ಸ್ಯಾಮ್ಯುಯೆಲ್ಸ್ ಎದುರು ಪಕ್ಷದ ಒಳಚುನಾವಣೆಯಲ್ಲಿ ಸುಮಾರು 2,500 ಮತಗಳಿಂದಷ್ಟೇ ಉಳಿದುಕೊಂಡರು. ಇವೆರಡಕ್ಕೂ ಬೇರೆ ಕಾರಣಗಳೂ ಇವೆ. ಎಲಿಸನ್ ಅವರೇ ಶಾವಿನ್ ಮೊಕದ್ದಮೆ ನಡೆಸಿದವರು, ಅದಕ್ಕೂ ಜನ ಪರ-ವಿರೋಧ ಇದ್ದರು. ಇದು ಗಣಿತದ ರುಜುವಾತಲ್ಲ. ಆದರೆ ಇಬ್ಬರೂ ಗೆದ್ದರು, ಇಬ್ಬರೂ ಏದುಸಿರು ಬಿಟ್ಟು ಗೆದ್ದರು.

ಇದೇ ಕಾರಣಕ್ಕೆ 2020ರಲ್ಲಿ ಸ್ವಲ್ಪದರಲ್ಲೇ ಗೆದ್ದ ವರ್ಜೀನಿಯಾದ ಆಗಿನ ಸಂಸದೆ ಅಬಿಗೇಲ್ ಸ್ಪ್ಯಾನ್‌ಬರ್ಗರ್ ತಮ್ಮ ಪಕ್ಷದ ಸಭೆಯಲ್ಲಿ ಈ ಘೋಷಣೆಯ ಬಗ್ಗೆ ಸಿಟ್ಟಾದರು. ಅದನ್ನು ಕೂಗಿದ ಕ್ಷಣದಲ್ಲೇ ದೊಡ್ಡ ಪಾಲು ಕೇಳುಗರನ್ನು ಕಳೆದುಕೊಳ್ಳುತ್ತೀರಿ ಎಂದು ಒಬಾಮಾ ಹೇಳಿದರು. ನಾಗರಿಕ ಹಕ್ಕುಗಳ ಹೋರಾಟದಿಂದ ಬಂದ ಸಂಸದ ಜಿಮ್ ಕ್ಲೈಬರ್ನ್, ಅರವತ್ತರ ದಶಕದಲ್ಲಿ ಇಂಥದೇ ಒಂದು ಘೋಷಣೆ ತಮ್ಮ ಚಳವಳಿಯನ್ನು ಕೆಡಿಸಿದ್ದನ್ನು ನೆನಪಿಸಿದರು. ಕೂಗಿದವರ ಉತ್ತರವೂ ಕೇಳಬೇಕಾದ್ದೇ. ನಾವು ಅಭ್ಯರ್ಥಿಗಳಲ್ಲ, ನಿಮ್ಮ ಗೆಲುವು ನಮ್ಮ ಕೆಲಸವಲ್ಲ, ಮೆಲ್ಲಗೆ ಕೇಳಿದಾಗ ಯಾರೂ ಕೇಳಿಸಿಕೊಳ್ಳಲಿಲ್ಲ ಎಂದರು. ಅದನ್ನು ನಾನು ತಳ್ಳಿಹಾಕುವುದಿಲ್ಲ. 2021ರ ಡಿಸೆಂಬರ್‌ನಿಂದ ಮಿನಿಯಾಪೊಲಿಸ್‌ನಲ್ಲಿ ಮಾನಸಿಕ ತುರ್ತಿನ ಕರೆಗಳಿಗೆ ಪೊಲೀಸರಿಲ್ಲದೆ ತರಬೇತಾದ ತಂಡ ಹೋಗುತ್ತಿದೆ. ಡೆನ್ವರ್‌ನಲ್ಲಿ ಇಂಥದೇ ತಂಡ 2020ರ ಜೂನ್‌ನಲ್ಲಿ ಶುರುವಾಯಿತು, ಅದು ಓಡಾಡಿದ ಕಡೆ ಸಣ್ಣಪುಟ್ಟ ಅಪರಾಧದ ದೂರುಗಳು ಮೂರನೇ ಒಂದರಷ್ಟು ಇಳಿದವೆಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಬಾಗಿಲ ಬಳಿ ಇವುಗಳ ಬಗ್ಗೆ ಕೇಳಿದರೆ ಎರಡೂ ಪಕ್ಷದವರು ತಲೆಯಾಡಿಸುತ್ತಾರೆ. ಆದರೆ ಅದೇ ಹೊತ್ತಿಗೆ, ಪ್ಯೂ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ, ತಮ್ಮ ಊರಿನ ಪೊಲೀಸರಿಗೆ ಹೆಚ್ಚು ದುಡ್ಡು ಕೊಡಿ ಎನ್ನುವವರು 2020ರ ಜೂನ್‌ನ ಶೇ 31ರಿಂದ 2021ರ ಶರತ್ಕಾಲಕ್ಕೆ ಶೇ 47ಕ್ಕೆ ಏರಿದರು. ಕಡಿಮೆ ಮಾಡಿ ಎನ್ನುವವರು ಶೇ 25ರಿಂದ 15ಕ್ಕೆ ಇಳಿದರು. ಕೊಲೆಗಳು ಏರುತ್ತಿದ್ದ ಕಾಲ ಅದು.

ಕೊಲೆಗಳು 2022ರಿಂದ ಇಳಿಯತೊಡಗಿದವು, 2023ರಲ್ಲಿ ಚೆನ್ನಾಗಿಯೇ ಇಳಿದವು. ಆ ವರ್ಷ ಗ್ಯಾಲಪ್ ಕೇಳಿದಾಗಲೂ ದೇಶದಲ್ಲಿ ಅಪರಾಧ ಹೋದ ವರ್ಷಕ್ಕಿಂತ ಹೆಚ್ಚಾಗಿದೆ ಎಂದವರು ಶೇ 77. ನಿಮ್ಮ ಗುಂಪಿನಲ್ಲಿ ಹಳೇ ವಿಡಿಯೊ ಇಂದಿಗೂ ಓಡಾಡುವುದು ಇದಕ್ಕೇ.

ಈಗ ನೀವು ಏನು ಮಾಡಬಹುದು ಎನ್ನುವುದು. ಆ ಪದ ಯಾವಾಗಲಾದರೂ ಆಡಿದವರಿಗೆ ವೋಟಿಲ್ಲ ಎಂದು ತೀರ್ಮಾನಿಸುವುದು ಒಂದು ದಾರಿ. ಸುಲಭ, ಹಲವರು ಹಾಗೆ ಮಾಡುತ್ತಾರೆ, ತಪ್ಪೆಂದು ನಾನು ಹೇಳುವುದಿಲ್ಲ. ಆ ಮಾತು ಆಡಿದವರು ಅದರ ಹೊಣೆ ಹೊರಬೇಕಾದ್ದೇ. ಅಪಾಯ ಏನೆಂದರೆ, ಎದುರಾಳಿ ‘ಇವರು ಹೀಗೆಂದಿದ್ದರು’ ಎಂದದ್ದನ್ನು ನೀವು ನಂಬಿಬಿಡಬಹುದು. ಅವರೇ ಆಡಿದ್ದೋ, ಅವರ ಪಕ್ಷದ ಬೇರೆ ಊರಿನ ಯಾರೋ ಆಡಿದ್ದೋ ನೋಡಿ. ಆಡಿದ್ದು ನಿಜವಾದರೆ, ಮೇಲೆ ಹೇಳಿದ ಮೂರು ಕನ್ನಡ ವಾಕ್ಯಗಳಲ್ಲಿ ಯಾವುದು ನಿಮ್ಮ ಉದ್ದೇಶ ಎಂದು ಅವರನ್ನೇ ಕೇಳಿ. ಸ್ಥಳೀಯ ಅಭ್ಯರ್ಥಿಗಳು ಇಲ್ಲಿ ಫೋನಿಗೆ ಸಿಗುತ್ತಾರೆ.

ಮಾತು ಬಿಟ್ಟು ಬಜೆಟ್ ನೋಡುವುದು ಇನ್ನೊಂದು ದಾರಿ. ನನಗೆ ಹೆಚ್ಚು ಇಷ್ಟವಾದದ್ದು ಇದೇ, ಆದರೆ ಬಜೆಟ್‌ಗಳೂ ಕಣ್ಣಿಗೆ ಮಣ್ಣೆರಚುತ್ತವೆ. 2020ರಲ್ಲಿ ನ್ಯೂಯಾರ್ಕ್ ನಗರ ಪೊಲೀಸರಿಂದ 100 ಕೋಟಿ ಡಾಲರ್ ಕಡಿದೆ ಎಂದಿತು. ಅದರಲ್ಲಿ ಶಾಲೆಗಳ ಕಾವಲು ಸಿಬ್ಬಂದಿಯನ್ನು ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಬರೆಯುವಂಥ ಬದಲಾವಣೆಗಳು ಸೇರಿದ್ದವು. ಆಸ್ಟಿನ್ 15 ಕೋಟಿ ಡಾಲರ್ ಕಡಿತ ಎಂದು ಘೋಷಿಸಿದಾಗ ತಕ್ಷಣ ಕಡಿದದ್ದು ಸುಮಾರು 2 ಕೋಟಿ, ಉಳಿದದ್ದರಲ್ಲಿ ಬಹಳಷ್ಟು ಫೊರೆನ್ಸಿಕ್ ಲ್ಯಾಬು, 911 ಕರೆಕೇಂದ್ರದಂಥವನ್ನು ಬೇರೆ ಇಲಾಖೆಗೆ ಸರಿಸುವ ಮಾತು. ಮರುವರ್ಷ, ದೊಡ್ಡ ನಗರಗಳು ಪೊಲೀಸ್ ಬಜೆಟ್ ಕಡಿದರೆ ದಂಡ ಎಂದು ಟೆಕ್ಸಾಸ್ ಕಾನೂನು ಮಾಡಿತು, ದುಡ್ಡು ವಾಪಸು ಬಂತು. ಕಡಿದೆವು ಎಂದವರೂ ಕಡಿದರು ಎಂದು ದೂರಿದವರೂ ಒಂದೇ ಉಬ್ಬಿದ ಅಂಕಿ ಬಳಸಿದರು.

ನಿಮ್ಮ ಮತಪತ್ರದಲ್ಲಿ ಪೊಲೀಸ್ ವಿಷಯಕ್ಕೆ ಕೈ ಇರುವವರು ಯಾರು ಎಂದು ಮೊದಲು ಗುರುತು ಮಾಡಿಕೊಳ್ಳಿ. ಈಡನ್ ಪ್ರೇರಿಯ ಮೇಯರ್ ಮತ್ತು ನಗರಸಭೆ ನಿಮ್ಮ ಠಾಣೆಯ ದುಡ್ಡು ತೀರ್ಮಾನಿಸುತ್ತಾರೆ. ನೀವಿರುವುದು ಹೆನಪಿನ್ ಕೌಂಟಿಯಲ್ಲಿ, ಅಲ್ಲಿನ ಕೌಂಟಿ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ ಅವರನ್ನೂ ಯಾರ ಮೇಲೆ ಮೊಕದ್ದಮೆ ಹೂಡಬೇಕೆಂದು ತೀರ್ಮಾನಿಸುವ ಕೌಂಟಿ ಅಟಾರ್ನಿಯನ್ನೂ ಮಿನಿಯಾಪೊಲಿಸ್‌ನವರ ಜೊತೆ ನೀವೂ ಆರಿಸುತ್ತೀರಿ. ಈ ಸಾಲುಗಳಿಗೆ ಬರುವ ಹೊತ್ತಿಗೆ ಬಹಳ ಜನ ಸುಸ್ತಾಗಿ ಖಾಲಿ ಬಿಟ್ಟು ಬರುತ್ತಾರೆ.

ವಾಟ್ಸಾಪ್ ಗುಂಪಿನ ಬಗ್ಗೆ ಒಂದು ಮಾತು. ‘ಇದು ಸುಳ್ಳು’ ಎಂದು ಬರೆದು ಅದೇ ವಿಡಿಯೊ ಮತ್ತೆ ಹಾಕಬೇಡಿ. ನಾವು ಬಾಗಿಲ ಬಳಿ ‘ಇವರು ಡಿಫಂಡ್ ಪರ ಅಲ್ಲ’ ಎಂದು ವಿವರಿಸಿ ಬಂದ ಮನೆಗಳಿಗೆ ವಾರ ಬಿಟ್ಟು ಹೋದರೆ, ಹಲವರ ನೆನಪಿನಲ್ಲಿ ಆ ಹೆಸರೂ ಆ ಪದವೂ ಮಾತ್ರ ಉಳಿದಿರುತ್ತಿದ್ದವು, ‘ಅಲ್ಲ’ ಬಿದ್ದುಹೋಗಿರುತ್ತಿತ್ತು. ಅದರ ಬದಲು ‘ನಮ್ಮ ಊರಿನ ಪೊಲೀಸ್ ಬಜೆಟ್ ಈ ವರ್ಷ ಎಷ್ಟು, ಹೋದ ವರ್ಷ ಎಷ್ಟು, ಯಾರಿಗಾದರೂ ಗೊತ್ತೇ?’ ಎಂದು ಕೇಳಿ. ಮನೆಯಲ್ಲೂ ಇದನ್ನೇ ಕೇಳಬಹುದು. ಅಪ್ಪ-ಮಗಳು ಆ ಅಂಕಿ ಹುಡುಕಲು ಒಟ್ಟಿಗೆ ಕೂರಲಿ.

ಆ ಅಂಕಿಯ ದಾರಿ ನಿಮ್ಮ ಅಂಚೆಪೆಟ್ಟಿಗೆಗೇ ಬರುತ್ತದೆ. ನವೆಂಬರ್ ನಡುವಿನಲ್ಲಿ ಕೌಂಟಿಯಿಂದ ಮುಂದಿನ ವರ್ಷದ ಆಸ್ತಿ ತೆರಿಗೆಯ ಅಂದಾಜು ನೋಟಿಸ್ ಬರುತ್ತದಲ್ಲ, ಹೆಚ್ಚಿನವರು ಒಟ್ಟು ಮೊತ್ತ ನೋಡಿ ಡ್ರಾಯರಿಗೆ ಹಾಕುವ ಕಾಗದ. ಅದರಲ್ಲಿ ನಗರಕ್ಕೆ ಎಷ್ಟು, ಕೌಂಟಿಗೆ ಎಷ್ಟು, ಶಾಲೆಗೆ ಎಷ್ಟು ಎಂದು ಬೇರೆ ಬೇರೆ ಸಾಲುಗಳಿವೆ. ಬಜೆಟ್ ಬಗ್ಗೆ ಜನ ಬಂದು ಮಾತಾಡಬಹುದಾದ ಸಭೆ ಎಂದು, ಎಷ್ಟು ಗಂಟೆಗೆ, ಎಲ್ಲಿ ಎನ್ನುವುದೂ ಅದರಲ್ಲೇ ಇರುತ್ತದೆ. ಸಭೆ ಸಂಜೆ ಆರು ಗಂಟೆಗೆ ಅಥವಾ ಆಮೇಲೆ ಇರುತ್ತದೆ, ಕೆಲಸ ಮುಗಿಸಿ ಮೂವರೂ ಹೋಗಬಹುದು.